ಬಲಗೈಯ ಆಕ್ಸಿಲರೇಟರ್

ನಮ್ಮ ಗ್ಯಾರೇಜಿನ ಕೆಲಸದ ಮೇಜಿನ ಮೇಲೆ ಹತ್ತಿ ಕೂತ ಹೆಂಗಸು ಅವರೊಬ್ಬರೇ. ಕುರ್ಚಿ ಕೊಟ್ಟರೆ ಬೇಡ ಎನ್ನುತ್ತಿದ್ದರು. ಬಲಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡಿದ್ದ ಅವರಿಗೆ ತಗ್ಗಾದ ಕುರ್ಚಿಯಿಂದ ಏಳುವುದು ಕಷ್ಟ. ಮೇಜಾದರೆ ಕೈ ಊರಿ ಹತ್ತಿ, ಕೈ ಊರಿ ಇಳಿಯಬಹುದು. ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಪಕ್ಕದಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತು, ಹಟ್ಟಿಯಲ್ಲಿ ಯಾರೋ ಕೊಟ್ಟ ಕಡಲೇಕಾಯಿ ಸುಲಿದು ತಿನ್ನುತ್ತ, ಬಾನೆಟ್ಟಿನೊಳಗೆ ತಲೆ ಹಾಕಿರುತ್ತಿದ್ದ ನನ್ನ ಜೊತೆ ಮಾತಾಡುತ್ತಿದ್ದರು. ರಿಪೇರಿ ಹೇಗೆ ಮಾಡಬೇಕೆಂದು ಅವರು ಯಾವತ್ತೂ ಹೇಳಿದವರಲ್ಲ. ತಮಗೆ ಏನು ಬೇಕು ಎಂದು ಹೇಳುತ್ತಿದ್ದರು. ಅಷ್ಟು ಖಡಾಖಂಡಿತವಾಗಿ ಹೇಳುವ ಗಿರಾಕಿಯನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಅವರು ತೀರಿಕೊಂಡ ಮೇಲೆ ಒಂದು ಯುಗಾದಿ ಕಳೆದಿದೆ. ಪಾವಗಡದ ಕಡೆಯಿಂದ ಯಾವುದಾದರೂ ಹಳೆಯ ಕಾರು ಬಂದು ನಿಂತರೆ ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಡ್ರೈವರ್ ಬಾಗಿಲಿಗೆ. ಆ ಬಾಗಿಲಿನಿಂದ ಮೊದಲು ಕೋಲು ಬರುತ್ತಿತ್ತು. ಆಮೇಲೆ ಎರಡು ಕೈಯಿಂದ ಎತ್ತಿ ಹೊರಗಿಟ್ಟ ಬಲಗಾಲು, ಮೊಣಕಾಲಿನ ಹತ್ತಿರ ಪಟ್ಟಿಯ ಕೊಂಡಿ ಟಕ್ಕೆಂದು ಬೀಳುವ ಸದ್ದು, ಆಮೇಲೆ ಅವರು. ಇಳಿದವರೇ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡುತ್ತಿದ್ದರು. ಕೈ ಹಿಡಿಯಲು ಮುಂದೆ ಬಂದವರು ಆ ನೋಟಕ್ಕೇ ಹಿಂದೆ ಸರಿಯುತ್ತಿದ್ದರು.

ಅವರು ಪಶುಪಾಲನಾ ಇಲಾಖೆಯಲ್ಲಿ ಕೆಲಸಕ್ಕಿದ್ದರು. ಕುರಿ ಮೇಕೆಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧಿ ಕುಡಿಸುವುದು, ರೋಗ ಕಂಡರೆ ಮೇಲಿನವರಿಗೆ ತಿಳಿಸುವುದು. ಹಟ್ಟಿಯವರು ಡಾಕ್ಟ್ರಮ್ಮ ಎಂದು ಕರೆದರೆ, "ನಾನು ಡಾಕ್ಟ್ರಲ್ಲ ಕಣಪ್ಪ, ಸೂಜಿ ಹಾಕೋಳು" ಎಂದು ತಿದ್ದುತ್ತಿದ್ದರು. ಯಾರೂ ತಿದ್ದಿಕೊಳ್ಳಲಿಲ್ಲ. ನನಗೆ ಅವರು ಅಕ್ಕ.

ಹುಟ್ಟಿದ್ದು ಸಿರಾ ತಾಲ್ಲೂಕಿನ ಮದಲೂರು ಕೆರೆಯ ಆಚೆಗಿನ ಒಂದು ಕುರಿಗಾಹಿಗಳ ಹಟ್ಟಿಯಲ್ಲಿ. ನಡೆಯಲು ಕಲಿತ ಹೊಸದರಲ್ಲೇ ಪೋಲಿಯೋ ಬಂದು ಬಲಗಾಲು ಸೊರಗಿತು. ಆದರೂ ಮನೆಯವರು ಅವರನ್ನು ಕುರಿಯ ಹಿಂದೆ ಕಳಿಸುತ್ತಿದ್ದರು. ದಾರಿ ತಪ್ಪಿದ ಕುರಿಯನ್ನು ಓಡಿ ತರುವುದು ಅವರಿಂದ ಆಗುತ್ತಿರಲಿಲ್ಲ. ಅದಕ್ಕೆ ಕೂತಲ್ಲಿಂದಲೇ ಕೂಗಿ ಕರೆಯುವುದನ್ನು ಕಲಿತರು. ಆ ಕೂಗನ್ನು ಒಮ್ಮೆ ಗ್ಯಾರೇಜಿನ ಮುಂದೆ ಕೇಳಿದ್ದೇನೆ. ರಸ್ತೆಯಲ್ಲಿ ಹೋಗುತ್ತಿದ್ದ ಯಾರದೋ ಮಂದೆ ನಿಂತು, ತಿರುಗಿ, ನಮ್ಮ ಕಡೆ ನೋಡಿತು. ಮಂದೆಯ ಯಜಮಾನ ಸಿಟ್ಟಾದ. ಅಕ್ಕ ಮೇಜಿನ ಮೇಲೆ ಕೂತು ಮನಸಾರೆ ನಕ್ಕರು.

ಕೆಲಸ ಸಿಕ್ಕಿ ಮೊದಲು ಹೋದದ್ದು ಕೊರಟಗೆರೆಯ ಕಡೆ, ಕೊಳಾಲಕ್ಕೆ. ಹೋಬಳಿಯವರೆಗೆ ಬಸ್ಸು, ಅಲ್ಲಿಂದ ಹೆಗಲಿಗೆ ಲಸಿಕೆಯ ಐಸ್ ಪೆಟ್ಟಿಗೆ ಹಾಕಿಕೊಂಡು ಕೋಲೂರಿಕೊಂಡು ನಡಿಗೆ. ಮೂರು ಗಾಲಿಯ ಸ್ಕೂಟರ್ ತೆಗೆದುಕೊಂಡು ನೋಡಿದರು. ಹಟ್ಟಿಯ ದಾರಿಯ ಕಲ್ಲುಗಳ ಮೇಲೆ ಅದು ಮಗುಚಿತು. ಆಗ ಒಂದು ಹಳೆಯ ಅಂಬಾಸಿಡರ್ ಕೊಂಡರು. ನಾಲ್ಕು ತಾಲ್ಲೂಕಿನ ಮೆಕ್ಯಾನಿಕ್‌ಗಳೂ ಒಂದೇ ಬುದ್ಧಿ ಹೇಳಿದರು, ಡ್ರೈವರ್ ಇಟ್ಟುಕೊಳ್ಳಿ ಎಂದು. ಬುದ್ಧಿ ಹೇಳದೆ ಟೇಪು ಹಿಡಿದು ಅಳತೆ ತೆಗೆದವರು ನಮ್ಮ ಮೇಸ್ತ್ರಿ ಒಬ್ಬರೇ.

ಮೇಸ್ತ್ರಿ ಎಂದರೆ ಈ ಗ್ಯಾರೇಜನ್ನು ಕಟ್ಟಿದವರು, ನನಗೆ ಕೆಲಸ ಕಲಿಸಿದವರು. ನಮ್ಮದು ಮಧುಗಿರಿ ಪೇಟೆಯಲ್ಲಿ ತಲೆಮಾರುಗಳಿಂದ ದಿನಸಿ ವ್ಯಾಪಾರ ಮಾಡಿದ ಶೈವ ಮನೆತನ. ವಿಭೂತಿ ಹಚ್ಚಿ ಅಂಗಡಿಯಲ್ಲಿ ಕೂರಬೇಕಾದವನು ಗ್ರೀಸು ಹಚ್ಚಿಕೊಂಡು ಬರುತ್ತಾನೆಂದು ಮನೆಯಲ್ಲಿ ಬಹಳ ದಿನ ಮಾತು ಬಿಟ್ಟಿದ್ದರು. ಮೇಸ್ತ್ರಿಯ ಕಾಲ ಮುಗಿದ ಮೇಲೆ ಗ್ಯಾರೇಜು ನನ್ನದಾಯಿತು, ಅಕ್ಕನ ಕಾರೂ ನನ್ನ ಪಾಲಿಗೆ ಬಂತು.

ಮೇಸ್ತ್ರಿ ಮಾಡಿದ್ದು ಇಷ್ಟು. ಕಾಲಿನ ಆಕ್ಸಿಲರೇಟರ್ ಪೆಡಲನ್ನು ಕಿತ್ತುಹಾಕಿದರು. ಸ್ಟಿಯರಿಂಗಿನ ಬಲಕ್ಕೆ ಬೆರಳಿಗೆ ಸಿಗುವಂತೆ ಒಂದು ಲಿವರ್ ಕೂರಿಸಿದರು. ಅದರಿಂದ ಕಬ್ಬಿಣದ ಕಡ್ಡಿಗಳು ಬಾನೆಟ್ಟಿನೊಳಗೆ ಹೋಗಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಮುಟ್ಟುತ್ತಿದ್ದವು. ಲಿವರ್ ಎಳೆದರೆ ಎಂಜಿನ್ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಆ ಕಾರಿನ ಗೇರು ಹೇಗೂ ಸ್ಟಿಯರಿಂಗಿನ ಎಡಕ್ಕಿತ್ತು. ಕ್ಲಚ್ಚು, ಬ್ರೇಕು ಎರಡನ್ನೂ ಎಡಗಾಲೇ ನೋಡಿಕೊಳ್ಳಬೇಕು. ಆ ವರ್ಷ ಒಣಗಿದ್ದ ಒಂದು ಕೆರೆಯಂಗಳದಲ್ಲಿ ಅಕ್ಕ ಒಬ್ಬರೇ ಸುತ್ತು ಹಾಕಿ ಹಾಕಿ ಕಲಿತರು. ಲೈಸೆನ್ಸಿನ ಪರೀಕ್ಷೆಯಲ್ಲಿ ಕಾರನ್ನು ಹಿಂದಕ್ಕೆ ಎಂಟರ ಆಕಾರದಲ್ಲಿ ಓಡಿಸಿ ತೋರಿಸಿದರಂತೆ. ಹಾಗೆ ಮಾಡಲು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಸಲ ಪೆಟ್ರೋಲ್ ಬಂಕಿನಲ್ಲಿ ನಾನೂ ಜೊತೆಗಿದ್ದೆ. ಪಕ್ಕದ ಕಾರಿನವರು ಅವರ ಕಾಲನ್ನೂ ಕೋಲನ್ನೂ ನೋಡಿ, ಪಾಪ, ಓಡಿಸೋಕೆ ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಿದರು. "ಒಬ್ಳು ಅವ್ಳೆ," ಎಂದರು ಅಕ್ಕ. "ನಾನೇ." ಗೇರು ಹಾಕಿ ಹೊರಟೇಬಿಟ್ಟರು.

ಇಂಥವರ ಕಾರು ಒಂದು ಬೇಸಿಗೆಯಲ್ಲಿ ಗ್ಯಾರೇಜಿಗೆ ಹಗ್ಗ ಕಟ್ಟಿಸಿಕೊಂಡು ಬಂತು. ಎಂಜಿನ್ ಬಿಚ್ಚಿ ನೋಡಿದರೆ ಬ್ಲಾಕೇ ಬಿರುಕು ಬಿಟ್ಟಿತ್ತು. ಅದಕ್ಕೆ ಮದ್ದಿಲ್ಲ. ಕಾರನ್ನು ಮಾರಿಬಿಡಿ, ಗೇರು ಕ್ಲಚ್ಚು ಇಲ್ಲದ ಹೊಸ ಕಾರು ಬಂದಿವೆ ಎಂದೆ. ಆ ಹೊಸ ಕಾರು ಹಟ್ಟಿಯ ದಾರಿಯ ಕಲ್ಲಿನ ಮೇಲೆ ಹೊಟ್ಟೆ ಉಜ್ಜದೆ ಹೋಗುತ್ತದೆಯೇ ಎಂದು ಕೇಳಿದರು. ಗುಜರಿಗೆ ಬಂದಿದ್ದ ಒಂದು ವ್ಯಾನಿನ ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿತ್ತು. ಅದನ್ನೇ ಕೂರಿಸುವುದೆಂದು ತೀರ್ಮಾನವಾಯಿತು. ಎಂಜಿನ್ ಬದಲಿಸಲು ಬೇಕಾದ ಅನುಮತಿಯನ್ನೆಲ್ಲ ಅವರೇ ಓಡಾಡಿ ತಂದರು.

ಎಂಜಿನ್ ಕೂರಿಸುವುದು ಸುಲಭದ ಪಾಲು. ಕಷ್ಟ ಶುರುವಾದದ್ದು ಆಮೇಲೆ. ಹಳೆಯ ಎಂಜಿನ್ನಿನ ಕಾರ್ಬುರೇಟರ್ ಒಂದು ಮಗ್ಗುಲಿಗಿತ್ತು, ಹೊಸದರದ್ದು ಇನ್ನೊಂದು ಮಗ್ಗುಲಿಗೆ. ಮೇಸ್ತ್ರಿಯ ಕಡ್ಡಿಗಳು ಅಲ್ಲಿಗೆ ತಲುಪುವುದಿಲ್ಲ. ಅದೂ ಅಲ್ಲದೆ ಹೊಸದು ಎತ್ತರ. ಅದರ ನೆತ್ತಿಯ ಮೇಲೆ ಏರ್ ಫಿಲ್ಟರ್ ಇಟ್ಟರೆ ಬಾನೆಟ್ ಮುಚ್ಚುವುದಿಲ್ಲ.

ಲಿವರಿನಿಂದ ಕಾರ್ಬುರೇಟರಿಗೆ ಕೇಬಲ್ ಎಳೆಯೋಣ, ಹೊಸ ಗಾಡಿಗಳಲ್ಲೆಲ್ಲ ಹಾಗೇ ಎಂದೆ. ಅವರು ಒಪ್ಪಲಿಲ್ಲ. ಕಡ್ಡಿಯಾದರೆ ಎಂಜಿನ್ನಿನ ಉಸಿರು ಬೆರಳಿಗೆ ಸಿಗುತ್ತದೆ, ಕೇಬಲ್ಲಿನಲ್ಲಿ ಏನೂ ತಿಳಿಯುವುದಿಲ್ಲ ಎಂದರು. ಈ ಎಂಜಿನ್ ಕೂರುವ ರಬ್ಬರುಗಳು ಮೆತ್ತಗಿವೆ, ಚಕ್ರ ಗುಂಡಿಗೆ ಬಿದ್ದಾಗ ಎಂಜಿನ್ ವಾಲಾಡುತ್ತದೆ, ಕಡ್ಡಿ ಮಾತ್ರ ಕಾರಿನ ಮೈಗೆ ಕಚ್ಚಿಕೊಂಡು ನೆಟ್ಟಗೆ ನಿಂತಿರುತ್ತದೆ, ಎಡವಟ್ಟಾದೀತು ಎಂದು ಹೇಳಿ ನೋಡಿದೆ. "ಮೇಸ್ತ್ರಿ ಮಾಡಿದ್ದು ಇಷ್ಟು ಕಾಲ ಬಾಳಿಲ್ವೇನೋ? ಅಂಗೇ ಮಾಡು" ಎಂದರು. ಮೇಸ್ತ್ರಿಯ ಹೆಸರು ತಂದ ಮೇಲೆ ಮಾತು ಮುಗಿಯಿತು. ಎಂಜಿನ್ನಿನ ಹಿಂದೆ ಅಡ್ಡಲಾಗಿ ಒಂದು ಸರಳು ಕೂರಿಸಿ, ಅದರ ತುದಿಗೆ ಹೊಸ ಕಡ್ಡಿ ಜೋಡಿಸಿದೆ.

ಅವರಿಗೆ ಅವಸರವಿತ್ತು. ಆಂಧ್ರದ ಗಡಿಯ ಕಡೆ ಕುರಿಗಳಿಗೆ ಹಿರೇಬೇನೆ ಬಂದಿದೆ ಎಂಬ ಸುದ್ದಿ ಹಬ್ಬಿತ್ತು. ಮೂಗು ಬಾಯಿ ಸುರಿದು, ಭೇದಿ ಹತ್ತಿ, ಕಣ್ಣ ಮುಂದೆಯೇ ಮಂದೆ ಖಾಲಿಯಾಗುವ ರೋಗ ಅದು. ಪಾವಗಡದ ವಳ್ಳೂರಿನ ಸುತ್ತಿನ ಮಂದೆಗಳಿಗೆ ಇನ್ನೂ ಲಸಿಕೆ ಆಗಿರಲಿಲ್ಲ. ಆ ಮಂದೆಗಳು ಮೇವು ಹುಡುಕಿಕೊಂಡು ಊರು ಬಿಡುವ ಕಾಲ ಬೇರೆ. ಹೊರಟು ಹೋದರೆ ಆಮೇಲೆ ಹುಡುಕಿ ಸೂಜಿ ಹಾಕುವುದು ಆಗದ ಮಾತು. ಅಕ್ಕ ದಿನಾ ಬೆಳಗ್ಗೆ ಬಂದು ಮೇಜು ಹತ್ತುತ್ತಿದ್ದರು.

ಕಡ್ಡಿ ಜೋಡಿಸಿದ ದಿನ ಪರೀಕ್ಷೆಗೆಂದು ಪಾವಗಡದ ರಸ್ತೆಯಲ್ಲಿ ಹೊರಟೆವು. ಅವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ನುಣ್ಣನೆಯ ರಸ್ತೆಯಲ್ಲಿ ಕಾರು ಚೆನ್ನಾಗಿ ಹೋಯಿತು. ನೋಡಿದೆಯಾ ಎನ್ನುವ ಹಾಗೆ ಒಮ್ಮೆ ನನ್ನ ಕಡೆ ತಿರುಗಿದರು. ಒಂದು ಊರಿನ ಹತ್ತಿರ ರಸ್ತೆಗೆ ಅಡ್ಡ ಹಾಕಿದ ಹಂಪು ಬಂತು. ಅದರ ಆಚೆ ಮೇಕೆಗಳು ರಸ್ತೆ ದಾಟುತ್ತಿದ್ದವು, ಹಿಂದೆ ಒಬ್ಬ ಮುದುಕಿ. ಅಕ್ಕ ಲಿವರ್ ಬಿಟ್ಟು ನಿಧಾನ ಮಾಡಿದರು. ಮುಂದಿನ ಚಕ್ರ ಹಂಪಿನಿಂದ ಇಳಿಯುತ್ತಿದ್ದಂತೆ ಎಂಜಿನ್ ವಾಲಿತು. ಕಡ್ಡಿ ತನ್ನಷ್ಟಕ್ಕೆ ತಾನೇ ಕಾರ್ಬುರೇಟರಿನ ಬಾಯಿ ತೆರೆದು, ಅಲ್ಲೇ ಸಿಕ್ಕಿಕೊಂಡಿತು. ಕಾರು ಗುರ್ರೆಂದು ಮುಂದಕ್ಕೆ ಹಾರಿತು.

ಅವರು ಕೂಗಲಿಲ್ಲ. ಎಡಗಾಲು ಬ್ರೇಕಿನ ಮೇಲೆ ಬಿತ್ತು, ಬಲಗೈ ಕೀಲಿಯನ್ನು ತಿರುವಿತು. ಎಂಜಿನ್ ಸತ್ತು, ಕಾರು ಮುಗ್ಗರಿಸಿ ನಿಂತಾಗ ಮುಂದಿನ ಬಂಪರು ಒಂದು ಮೇಕೆಯ ಬೆನ್ನಿಗೆ ತಾಗಿಕೊಂಡಂತಿತ್ತು. ಮೇಕೆ ಅಲ್ಲೇ ನಿಂತು ನಮ್ಮನ್ನು ನೋಡುತ್ತಿತ್ತು. ಮುದುಕಿ ಬಾಯಿಗೆ ಬಂದಂತೆ ಬೈದಳು. ಅಕ್ಕ ಕಾರಿನಿಂದ ಇಳಿದು, ಪೂರ್ತಿ ಬೈಗುಳ ಕೇಳಿಸಿಕೊಂಡು, ಮೇಕೆಯ ಬೆನ್ನು ಸವರಿ, ಕಾಲು ಎತ್ತಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುದುಕಿಗೆ ಕೈ ಮುಗಿದರು. ಬಂದು ಬಾನೆಟ್ಟಿಗೆ ಒರಗಿ ನಿಂತರು.

"ನಂದೇ ತಪ್ಪು ಕಣಪ್ಪ," ಎಂದರು. "ನೀನು ಮೊದ್ಲೇ ಹೇಳ್ದೆ, ನಾನು ಕೇಳ್ಲಿಲ್ಲ. ಈಗ ನಿನ್ಗೆ ಹೆಂಗೆ ಸರಿ ಅನ್ಸುತ್ತೋ ಅಂಗೆ ಮಾಡು."

ಅಷ್ಟೇ. ಸಿಕ್ಕಿಕೊಂಡ ಕಡ್ಡಿ ಬಿಡಿಸಿ ಮೆಲ್ಲಗೆ ವಾಪಸ್ಸು ಬರುವಾಗ ಅದರ ಮಾತೇ ಎತ್ತಲಿಲ್ಲ, ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. ತಪ್ಪು ಒಪ್ಪಿಕೊಂಡ ಮೇಲೆ ಅದನ್ನು ಹೊತ್ತು ತಿರುಗುವ ಅಭ್ಯಾಸ ಅವರಿಗಿರಲಿಲ್ಲ. ಅಡ್ಡ ಸರಳನ್ನು ನಾನು ಬಿಚ್ಚುವಾಗ ಸ್ಪ್ಯಾನರ್ ಎತ್ತಿ ಕೊಡುತ್ತ ಯಾವುದೋ ಟಗರಿನ ಕತೆ ಹೇಳುತ್ತಿದ್ದರು.

ಈ ಸಲ ಕೇಬಲ್ ಹಾಕಿದೆ. ಅದರ ಹೊರಕವಚ ಬಂದು ಕೂರುವ ಕೊಂಡಿಯನ್ನು ಕಾರಿನ ಮೈಗೆ ಬಿಗಿಯದೆ ಎಂಜಿನ್ನಿಗೇ ಬಿಗಿದೆ. ಎಂಜಿನ್ ವಾಲಿದರೆ ಕೊಂಡಿಯೂ ಜೊತೆಗೆ ವಾಲುತ್ತದೆ, ಕೇಬಲ್ ಎಳೆದಾಡುವುದಿಲ್ಲ. ಎಲ್ಲೂ ಚೂಪಾಗಿ ಮಡಚದಂತೆ ಅಗಲ ತಿರುವು ಕೊಟ್ಟು ತಂದೆ. ಒಂದು ಸ್ಪ್ರಿಂಗ್ ಮುರಿದರೂ ಇನ್ನೊಂದು ಎಳೆದುಕೊಳ್ಳಲಿ ಎಂದು ಎರಡು ಸ್ಪ್ರಿಂಗ್ ಹಾಕಿದೆ. ಅಕ್ಕ ಲಿವರ್ ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದರು. ಉಸಿರು ಸಿಗುತ್ತಿದೆಯೇ ಎಂದು ಕೇಳಿದೆ. ಅರ್ಧ ಸಿಗುತ್ತಿದೆ, ಉಳಿದದ್ದು ಕಿವಿಗೆ ಬಿಟ್ಟಿದ್ದು ಎಂದರು.

ಆಮೇಲೆ ಇನ್ನೊಂದು ಬೇಡಿಕೆ ಬಂತು. ಟ್ರ್ಯಾಕ್ಟರಿನಲ್ಲಿ ಇರುವಂತೆ ಲಿವರ್ ಇಟ್ಟಲ್ಲೇ ನಿಲ್ಲಬೇಕು, ಪಾವಗಡದವರೆಗೆ ಎಳೆದು ಹಿಡಿದರೆ ಬೆರಳು ಸೋಲುತ್ತವೆ ಎಂದರು. ಇದೊಂದಕ್ಕೆ ನಾನು ಜಗ್ಗಲಿಲ್ಲ.

"ಕೈ ಬುಟ್ರೆ ಗಾಡಿ ತಣ್ಣಗಾಗ್ಬೇಕಕ್ಕ. ನಿಂತ್ಕೊಳ್ಳೋ ಲಿವರ್ ನನ್ ಕೈಯಲ್ಲಿ ಮಾಡ್ಸಬ್ಯಾಡಿ. ಬೇರೆಯೋರ ಹತ್ರ ಹೋಗಿ."

ಅವರು ನನ್ನನ್ನೇ ನೋಡಿದರು. ಕೈ ಹಿಡಿಯಲು ಬಂದವರನ್ನು ಹಿಂದೆ ಸರಿಸುತ್ತಿದ್ದ ಅದೇ ನೋಟ. ನಾನು ಸರಿಯಲಿಲ್ಲ. ಕಡಲೇಕಾಯಿಯ ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಉಳಿದದ್ದು ಏರ್ ಫಿಲ್ಟರ್. ಹೊಸ ಎಂಜಿನ್ನಿನ ಕಾಗದದ ಫಿಲ್ಟರ್ ಬೇಡ ಎಂದರು, ಕುರಿಮಂದೆಯ ಧೂಳಿಗೆ ಅದು ಎರಡು ದಿನಕ್ಕೆ ಕಟ್ಟಿಕೊಳ್ಳುತ್ತದೆ, ಹಟ್ಟಿಯಲ್ಲಿ ಇನ್ನೊಂದು ಎಲ್ಲಿ ಸಿಗಬೇಕು. ಅವರಿಗೆ ಬೇಕಾಗಿದ್ದದ್ದು ಹಳೆಯ ಎಂಜಿನ್ನಿನ ಎಣ್ಣೆ ಫಿಲ್ಟರೇ. ಅದರ ತಳದಲ್ಲಿ ಎಣ್ಣೆ ಇರುತ್ತದೆ, ಒಳಗೆ ಬಂದ ಧೂಳು ಎಣ್ಣೆಗೆ ಬಿದ್ದು ಕೂರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕಿಕೊಳ್ಳಬಹುದು. ಇದರಲ್ಲಿ ಅವರ ಮಾತು ಸರಿಯಾಗಿತ್ತು. ನೆತ್ತಿಯ ಮೇಲೆ ಜಾಗವಿಲ್ಲದ್ದರಿಂದ ಫಿಲ್ಟರನ್ನು ಬಾನೆಟ್ಟಿನೊಳಗೆ ಪಕ್ಕಕ್ಕೆ ಕೂರಿಸಿ, ಅಲ್ಲಿಂದ ಕಾರ್ಬುರೇಟರಿಗೆ ಒಂದು ಕೊಳವೆ ತರಬೇಕು. ಕಾರ್ಬುರೇಟರಿನ ಬಾಯಿಗೆ ತಗ್ಗಾದ ಒಂದು ಟೋಪಿ ಬೇಕು.

ಸಿರಾದಲ್ಲಿ ಲೋಹ ಕಡೆಯುವ ಲೇಥ್ ಇಟ್ಟುಕೊಂಡಿದ್ದ, ನಾವೆಲ್ಲ ಭಾಯಿ ಎನ್ನುತ್ತಿದ್ದ ಗೆಳೆಯನ ಹತ್ತಿರ ಹೋದೆವು. ಭಾಯಿ ನಾವು ತಂದಿದ್ದ ಅಳತೆ ನೋಡಿ, ಅದಕ್ಕೆ ಸರಿಹೋಗುವ ದಪ್ಪ ಅಲ್ಯೂಮಿನಿಯಂ ಬಟ್ಟಲಿದ್ದರೆ ಟೋಪಿ ಅದರಲ್ಲೇ ಆಗುತ್ತದೆ ಎಂದ. ಮಾರನೆಯ ದಿನ ಅಕ್ಕ ತಮ್ಮ ಅಡುಗೆಮನೆಯ ಬಟ್ಟಲುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದು ಅವನ ಮುಂದೆ ಸುರಿದರು. ಮೊಸರು ಹೆಪ್ಪು ಹಾಕುತ್ತಿದ್ದ ಬಟ್ಟಲು ಸರಿಹೋಯಿತು. "ಫಿಕರ್ ಮಾಡ್ಬ್ಯಾಡಿ ಅಕ್ಕ, ಇದು ನಿಮ್ ಗಾಡಿಗೇ ಹುಟ್ಟಿದ್ದು" ಎಂದು ಭಾಯಿ ಅದಕ್ಕೆ ತೂತು ಕೊರೆದು, ಪಕ್ಕಕ್ಕೆ ಕೊಳವೆ ಬೆಸೆದು ಕೊಟ್ಟ.

ಫಿಲ್ಟರ್ ಸರಿಯಾಗಿದೆಯೋ ಇಲ್ಲವೋ ನೋಡಲು ಅಕ್ಕ ಮಾಡಿದ ಪರೀಕ್ಷೆಯನ್ನು ನಾನು ಈಗಲೂ ಮಾಡುತ್ತೇನೆ. ಒಂದು ಮಣ್ಣು ದಾರಿಯಲ್ಲಿ ದೊಡ್ಡ ಮಂದೆಯ ಹಿಂದೆ ಕಾರು ಬಿಟ್ಟರು. ಮುಂದೆ ಏನೂ ಕಾಣದಷ್ಟು ಧೂಳು. ಮಂದೆ ತೋಟವೊಂದಕ್ಕೆ ತಿರುಗುವವರೆಗೂ ಅದರ ಹಿಂದೆಯೇ ಹೋಗಿ, ಕಾರು ನಿಲ್ಲಿಸಿ, ಟೋಪಿ ಬಿಚ್ಚಿಸಿದರು. ತಮ್ಮ ಬಿಳಿಯ ಕರವಸ್ತ್ರವನ್ನು ಬೆರಳಿಗೆ ಸುತ್ತಿ ಅದರ ಒಳಗೋಡೆ ಒರೆಸಿದರು. ಕೆಂಪು ಗೆರೆ ಬಂತು. ಟೋಪಿ ಕೂರುವಲ್ಲಿ ಎಲ್ಲೋ ಸಂದಿ ಇದೆ ಎಂದರ್ಥ. ದಪ್ಪ ಕಾರ್ಕಿನ ವಾಷರ್ ಕತ್ತರಿಸಿ ಹಾಕಿದೆ, ಕೊಳವೆಯ ಕ್ಲಿಪ್ಪುಗಳನ್ನು ಬದಲಿಸಿದೆ. ಮತ್ತೆ ಮಂದೆಯ ಹಿಂದೆ ಹೋದೆವು. ಈ ಸಲ ಕರವಸ್ತ್ರ ಬೆಳ್ಳಗೇ ಹೊರಗೆ ಬಂತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾಳೆ ಬೆಳಗ್ಗೆ ವಳ್ಳೂರು ಎಂದರು.

ದೂರದ ಓಟಕ್ಕೆ ಎಂಜಿನ್ ಹೊಸದು, ಅದಕ್ಕೇ ನಾನೂ ಹೊರಟೆ. ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆಗಳು. ಸೋಲಾರ್ ಹಲಗೆಗಳ ಬೇಲಿಯ ಪಕ್ಕದಲ್ಲಿ ಹಾದು ಹಟ್ಟಿ ತಲುಪಿದಾಗ ಯಾರೂ ಹೊರಗೆ ಬರಲಿಲ್ಲ. ಮೊದಲಾದರೆ ಕಾರಿನ ಸದ್ದು ದೂರದಿಂದ ಕೇಳಿದರೆ ಸಾಕು, ಕುರಿಗಳನ್ನೆಲ್ಲ ಬೇಲಿಯ ರೊಪ್ಪದಲ್ಲಿ ಕೂಡಿಹಾಕಿ ಕಾಯುತ್ತಿದ್ದರಂತೆ. ಅಕ್ಕ ಹಾರನ್ ಒತ್ತಿದರು. ಹಟ್ಟಿಯ ಯಜಮಾನ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ, ಕಾರನ್ನು ಒಂದು ಸುತ್ತು ಹಾಕಿ, ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

"ಏಮಮ್ಮಾ ಇದು, ಸದ್ದೇ ಲೇದು? ಯಾರೋ ಸೋಲಾರ್‌ನೋರು ಅಂದ್ಕೊಂಡ್ವಿ."

ಎಂಜಿನ್ ಬದಲಾಗಿದೆ, ಸೂಜಿ ಹಾಕೋಳು ಬದಲಾಗಿಲ್ಲ ಎಂದರು ಅಕ್ಕ. ಒಂದಷ್ಟು ಮಂದೆಯವರು ಆಗಲೇ ಹೊರಡಲು ಗಂಟುಮೂಟೆ ಕಟ್ಟಿಕೊಂಡಿದ್ದರು. ಅವರನ್ನು ತಡೆದು ನಿಲ್ಲಿಸಿದರು. ರೊಪ್ಪದ ಬಾಯಲ್ಲಿ ಒಂದು ಕಲ್ಲಿನ ಮೇಲೆ ಕೂತು, ಒಂದೊಂದೇ ಕುರಿಯನ್ನು ಮೊಣಕಾಲಿನ ಪಟ್ಟಿಗೆ ಒತ್ತಿ ಹಿಡಿದು ಸೂಜಿ ಹಾಕತೊಡಗಿದರು. ಕುರಿ ಹಿಡಿದು ಕೊಡುವುದು ನನ್ನ ಕೆಲಸ. ಒಂದು ರೊಪ್ಪ ಮುಗಿದರೆ ಇನ್ನೊಂದು. ಊಟಕ್ಕೆ ಎದ್ದರೆ ಪೆಟ್ಟಿಗೆಯ ಐಸು ಕಾಯುವುದಿಲ್ಲ ಎಂದು ಕೂತಲ್ಲೇ ಮುದ್ದೆ ನುಂಗಿದರು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಮಂದೆಯೂ ಮುಗಿಯಿತು. ಆ ವರ್ಷ ಗಡಿಯ ಆಚೆ ಬಹಳ ಕುರಿ ಸತ್ತವು. ಆ ಹಟ್ಟಿಗಳಲ್ಲಿ ಹಿರೇಬೇನೆ ಕಾಣಿಸಿಕೊಳ್ಳಲಿಲ್ಲ.

ಹೊರಡುವಾಗ ಅಕ್ಕನ ಹೆಬ್ಬೆರಳು ಬಿಗಿದು ನಿಂತಿತ್ತು. ಸಿರಿಂಜು ಒತ್ತಿ ಒತ್ತಿ ಮಣಿಕಟ್ಟು ಊದಿತ್ತು. ಲಿವರ್ ಎಳೆದು ನೋಡಿದರು, ಆಗಲಿಲ್ಲ. ಕೀಲಿಯನ್ನು ನನ್ನ ಕಡೆಗೆ ಚಾಚಿದರು. ಅಷ್ಟು ವರ್ಷದಲ್ಲಿ ಆ ಕಾರನ್ನು ಅವರು ರಸ್ತೆಯ ಮೇಲೆ ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ.

"ನಾನು ಹೆಂಗೆ ಓಡಿಸ್ತೀನೋ ಅಂಗೇ ಓಡ್ಸು," ಎಂದರು. "ಬಲಗಾಲು ಸೀಟಿಗೆ ಮಡಚ್ಕೊ. ಎಲ್ಲಿಗೂ ತರಬ್ಯಾಡ."

ನನ್ನ ಕೈಯಾರೆ ಕೂರಿಸಿದ ಲಿವರ್ ಅದು. ಆದರೂ ಹಟ್ಟಿಯ ಬಾಯಲ್ಲೇ ಕಾರು ಮೂರ್ನಾಲ್ಕು ಸಲ ಜಗ್ಗಿ ನಿಂತಿತು. ಹಟ್ಟಿಯವರಿಗೆ ನಗು. ಎಡಗಾಲು ಕ್ಲಚ್ಚಿನಿಂದ ಬ್ರೇಕಿಗೆ ಹೋಗಲು ಒಲ್ಲದು, ಬಲಗಾಲು ಮಡಚಿದಲ್ಲೇ ಏನನ್ನೋ ಹುಡುಕುವುದು. ಅಕ್ಕ ನಗಲಿಲ್ಲ. ಬೆರಳು ಬೇಡ, ಅಂಗೈಯಿಂದ ಎಳೆ ಎಂದಷ್ಟೇ ಹೇಳಿಕೊಟ್ಟರು. ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಕೈಗೂ ಕಾಲಿಗೂ ಹೊಂದಿಕೆಯಾಯಿತು. ಪಾವಗಡ ದಾಟುವ ಹೊತ್ತಿಗೆ ನನ್ನ ಮಣಿಕಟ್ಟು ಉರಿಯತೊಡಗಿತು. ಜೋಡಿ ಸ್ಪ್ರಿಂಗಿನ ಬಿಗುವು ಗ್ಯಾರೇಜಿನಲ್ಲಿ ನಿಂತು ಎಳೆದಾಗ ಗೊತ್ತಾಗಿರಲಿಲ್ಲ. ಬೆಳಗ್ಗೆ ಅವರು ಇದೇ ದಾರಿಯಲ್ಲಿ ಇದನ್ನೇ ಎಳೆದುಕೊಂಡು ಬಂದು, ಇಡೀ ದಿನ ಸಿರಿಂಜು ಒತ್ತಿದ್ದರು.

"ಲಿವರ್ ಇನ್ನೊಂದಿಷ್ಟು ಉದ್ದ ಮಾಡ್ಬೇಕಕ್ಕ, ಆಗ ಹಗುರಾಗ್ತದೆ" ಎಂದೆ.

"ಮಾಡು. ಇನ್ ಮೇಲೆ ನೀನೂ ಓಡ್ಸಿ ನೋಡಿ ಕೊಡು" ಎಂದರು.

ಸ್ವಲ್ಪ ಹೊತ್ತಿಗೆ ಅವರ ಕಡೆಯಿಂದ ಮಾತು ನಿಂತಿತು. ತಿರುಗಿ ನೋಡಿದರೆ, ಕಾಲಿನ ಪಟ್ಟಿಯ ಕೊಂಡಿ ಬಿಚ್ಚಿಟ್ಟು, ತಲೆಯನ್ನು ಕಿಟಕಿಗೆ ಆನಿಸಿ ನಿದ್ದೆ ಹೋಗಿದ್ದರು. ರಸ್ತೆಯ ಎರಡೂ ಬದಿಯ ಬಂಡೆಗಳು ಸಂಜೆಯ ಬಿಸಿಲಿಗೆ ಕೆಂಪಗಿದ್ದವು. ಹಂಪು ಬಂದಾಗ ಕೈ ಸಡಿಲಿಸಿದೆ. ಎಂಜಿನ್ ತಕ್ಷಣ ಇಳಿಯಿತು, ಕಾರು ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಿತು. ಅವರ ಉಸಿರು ಕೂಡ ಬದಲಾಗಲಿಲ್ಲ.

ಮಧುಗಿರಿ ಬೆಟ್ಟ ಕಂಡಿತು, ನಮ್ಮ ಗ್ಯಾರೇಜು ಬಂತು. ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ನಿಲ್ಲಿಸಿದರೆ ಎಚ್ಚರವಾದೀತೆಂದು ಗ್ಯಾರೇಜು ದಾಟಿಸಿಕೊಂಡು ಹಾಗೇ ಮುಂದಕ್ಕೆ ಓಡಿಸಿದೆ.